ಶೆರಾಕ್ಕೆ ಬಿಟ್ಟ ಜಾಗ

ಕಳೆದ ತಿಂಗಳು ಕೇಶ್ವಾಪುರದ ಒಂದು ಬಾಡಿಗೆ ಮನೆಯಲ್ಲಿ ನಮ್ಮ ರಾಯರು ತೀರಿಕೊಂಡರು. ಧಾರವಾಡದಿಂದ ನಾವು ಏಳೆಂಟು ಜನ ರೈಲು ಹಿಡಿದು ಹುಬ್ಬಳ್ಳಿಗೆ ಹೋದೆವು. ನಮ್ಮಲ್ಲಿ ಇಬ್ಬರು ದುಃಖಕ್ಕೆ ಬಂದವರು, ಉಳಿದವರು ಖಾತ್ರಿ ಮಾಡಿಕೊಳ್ಳಲು ಬಂದವರು. ಇಪ್ಪತ್ತು ವರ್ಷ ಊರಿನ ಮೇಲೆ ಕಣ್ಣಿಟ್ಟ ಮನುಷ್ಯ ಕಣ್ಣು ಮುಚ್ಚಿದ್ದಾನೆಂದರೆ ಊರು ಸುಲಭವಾಗಿ ನಂಬುವುದಿಲ್ಲ. ಒಬ್ಬ ಹಿರಿಯರು ಒಳಗೆ ಹೋಗಿ, ಬಗ್ಗಿ ನೋಡಿ, ಹೊರಗೆ ಬಂದು ನನ್ನ ಕಿವಿಯ ಹತ್ತಿರ, "ಖರೇನ ಹೋಗ್ಯಾರ" ಎಂದರು. ದನಿಯಲ್ಲಿ ಇನ್ನೂ ಸ್ವಲ್ಪ ಸಂಶಯ ಉಳಿದಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಕಾಗದದ ಮೇಲೆ ಬರುವುದು ಅವರಿಗೆ ಸೇರುತ್ತಿರಲಿಲ್ಲ. ಮಂದಿಯ ಹೆಸರು ಕಾಗದದ ಮೇಲೆ ತರುವುದೇ ಅವರ ಉದ್ಯೋಗವಾಗಿದ್ದುದರಿಂದ ಅದರ ಪರಿಣಾಮ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರಿದ್ದದ್ದು ಗುಪ್ತ ಪೊಲೀಸ್ ಖಾತೆಯಲ್ಲಿ. ರಾಜ್ಯದ ಭದ್ರತೆಗೆ ಎಲ್ಲಿಂದ ಧಕ್ಕೆ ಬರಬಹುದೆಂದು ಮೊದಲೇ ಮೂಸಿ ನೋಡಿ ಮೇಲಿನವರಿಗೆ ತಿಳಿಸುವುದು ಕೆಲಸ. ಖಾತೆ ಗುಪ್ತವಾಗಿತ್ತೇ ಹೊರತು ರಾಯರು ಗುಪ್ತವಾಗಿರಲಿಲ್ಲ. ಧಾರವಾಡ ಸ್ಟೇಶನ್ನಿನಲ್ಲಿ ಇಳಿದು "ಸಿಐಡಿ ರಾಯರ ಮನಿ" ಎಂದರೆ ಟಾಂಗಾದವರು ಮಾಳಮಡ್ಡಿಯ ಆ ಹಂಚಿನ ಮನೆಯ ಮುಂದೆ ತಂದು ನಿಲ್ಲಿಸುತ್ತಿದ್ದರು. ನಾನು ಅಲ್ಲಿಂದ ಎರಡು ಮನೆ ಆಚೆ ಇದ್ದೆ. ಸರಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ದೇಶದ ಭದ್ರತೆಗೂ ನನಗೂ ಇದ್ದ ಸಂಬಂಧವೆಂದರೆ ವರ್ಷಕ್ಕೊಮ್ಮೆ ಚಕ್ರವರ್ತಿಗಳ ಹುಟ್ಟುಹಬ್ಬಕ್ಕೆ ಶಾಲೆಯ ಕಮಾನಿಗೆ ಬಣ್ಣ ಹಚ್ಚುವುದು.

ರಾಯರನ್ನು ಮಾತನಾಡಿಸುವುದು ಒಂದು ವ್ಯಾಯಾಮ.

"ಊಟ ಆತೇನ್ರಿ ರಾಯರ?"

"ಯಾಕ ಕೇಳಿದ್ರಿ?"

"ಹೀಂಗ ಕೇಳಿದೆ."

"ಹೀಂಗ ಯಾರೂ ಕೇಳಂಗಿಲ್ಲ, ಮಾಸ್ತರ."

ಯಾರ ಮನೆಗೆ ಹೋದರೂ ಬಾಗಿಲಿಗೆ ಬೆನ್ನು ಮಾಡಿ ಕೂಡುತ್ತಿರಲಿಲ್ಲ. ಚಹಾ ಕೊಟ್ಟರೆ ಅರ್ಧ ಕುಡಿದು ಅರ್ಧ ಬಿಡುತ್ತಿದ್ದರು. ವಿಷದ ಭಯ ಎಂದು ಕೆಲವರು ಹೇಳುತ್ತಿದ್ದರು. ಪೂರ್ತಿ ಕುಡಿದರೆ ಉಪಕಾರಕ್ಕೆ ಒಳಗಾದ ಹಾಗೆ, ಕುಡಿಯದಿದ್ದರೆ ಅಪಮಾನ ಮಾಡಿದ ಹಾಗೆ, ಆದ್ದರಿಂದ ಸರಕಾರಿ ನೌಕರ ಅರ್ಧವೇ ಕುಡಿಯಬೇಕು ಎಂಬುದು ಅವರ ಸಿದ್ಧಾಂತ ಎಂದು ನಾನು ತಿಳಿದಿದ್ದೆ. ಟಪಾಲಿನಲ್ಲಿ ಬಂದ ಪಾಕೀಟುಗಳನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಅಂಟಿಸಿ ಬಳಸುತ್ತಿದ್ದರು. ಮನುಷ್ಯರ ವಿಷಯದಲ್ಲೂ ಅವರು ಬಯಸಿದ್ದು ಅದನ್ನೇ ಇರಬೇಕು.

ಸೇವೆಗೆ ಸೇರಿದ್ದು ಕಾರಕೂನರಾಗಿ. ಇಪ್ಪತ್ತರ ದಶಕದಲ್ಲಿ ಸಭೆಗಳು ಹೆಚ್ಚಾದವು, ಭಾಷಣಗಳು ಇನ್ನೂ ಹೆಚ್ಚಾದವು. ಮಾತನಾಡಿದಷ್ಟೇ ವೇಗದಲ್ಲಿ ಕನ್ನಡ ಬರೆದುಕೊಳ್ಳುವ ವಿದ್ಯೆಯನ್ನು ರಾಯರು ಸ್ವಂತವಾಗಿ ಕಲಿತು, ಅದೇ ಬಲದಿಂದ ಮೇಲೇರಿದರು. ಮೊದಮೊದಲು ಖಾದಿ ಟೊಪ್ಪಿಗೆ ಹಾಕಿಕೊಂಡು ವೇಷ ಮರೆಸಿ ಸಭೆಗೆ ಹೋಗುತ್ತಿದ್ದರಂತೆ. ಆಮೇಲೆ ಸಭೆಯವರೇ ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ, ಎದುರಿಗೊಂದು ಸ್ಟೂಲು ಇಡತೊಡಗಿದರು. ಭಾಷಣಕಾರರು ನಡುವೆ ನಿಲ್ಲಿಸಿ, "ರಾಯರ, ಬರಕೊಂಡ್ರೇನ್ರಿ? ಮುಂದ ಹೋಗ್ಲೇನು?" ಎಂದು ಕೇಳುವರು. ರಾಯರು ತಲೆ ಎತ್ತದೆ ಪೆನ್ಸಿಲ್ ಅಲ್ಲಾಡಿಸುವರು. ಬ್ರಿಟಿಷ್ ಸಾಮ್ರಾಜ್ಯದ ವಿನಾಶ ಮತ್ತೆ ಮುಂದುವರಿಯುವುದು.

ಒಮ್ಮೆ ಒಬ್ಬ ವಕೀಲರಿಗೆ ರಾಯರ ವರದಿಯ ಮೇಲೆ ಆರು ತಿಂಗಳ ಸಜೆಯಾಯಿತು. ವರದಿಯಲ್ಲಿದ್ದ ಒಂದು ವಾಕ್ಯವೇ ಮುಖ್ಯ ಸಾಕ್ಷಿ: "ಸಿಂಹಾಸನ ಎಷ್ಟು ಎತ್ತರವಿದ್ದರೂ ಅದರ ಕಾಲು ನಮ್ಮ ನೆಲದ ಮೇಲೆಯೇ ಇದೆ." ಆ ಸಭೆಯಲ್ಲಿ ನಾನೂ ಇದ್ದೆ. ವಕೀಲರು ಆ ಮಾತು ಆಡಿದ್ದು ನನಗೆ ನೆನಪಿಲ್ಲ. ಅವರಿಗೆ ಅಂಥ ಮಾತು ಆಡುವ ಶಕ್ತಿಯೂ ಇರಲಿಲ್ಲ. ಜೈಲಿನಿಂದ ಬಂದವರೇ ಅವರು ನೆಟ್ಟಗೆ ರಾಯರ ಕಟ್ಟೆಗೆ ಬಂದರು. ನಾನು ಅಲ್ಲೇ ಕೂತಿದ್ದೆ.

"ರಾಯರ, ನಾ ಅವತ್ತು ಹಾಂಗ ಅಂದಿದ್ನೇನ್ರಿ?"

"ಯಾಕ ಕೇಳಿದ್ರಿ?"

"ಮಾತು ಭಾಳ ಛಲೋ ಅದ. ಅದಕ್ಕ."

"ಕೋರ್ಟಿನಾಗ ಅಂದೀನಿ ಅಂತ ಒಪ್ಪಿಕೊಂಡು ಬಂದೀರಿ. ಇನ್ನ ಅದು ನಿಮ್ಮದ."

ವಕೀಲರು ಮುಂದೆ ಪ್ರತಿ ಭಾಷಣದಲ್ಲೂ ಆ ವಾಕ್ಯ ಹೇಳಿ ಚಪ್ಪಾಳೆ ಗಿಟ್ಟಿಸಿದರು. ರಾಯರು ಪ್ರತಿ ಸಲವೂ ಅದನ್ನು ಹೊಸದೆಂಬಂತೆ ಬರೆದುಕೊಂಡರು.

ನನಗೂ ಅವರಿಂದ ಒಂದು ಪಾಠವಾಗಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಜೆಯ ಅರ್ಜಿಯೊಂದನ್ನು ಬರೆದು ಅವರಿಗೆ ತೋರಿಸಿದೆ. ಓದದೆಯೇ ಬದಿಗಿಟ್ಟು, ಹೊಸ ಕಾಗದ ತೆಗೆದುಕೊಂಡರು. ಉದ್ದಕ್ಕೆ ಎರಡು ಸಲ ಮಡಚಿ, ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರಿನಿಂದ ಮೇಲಿಂದ ಕೆಳಗೆ ಮೂರು ಸಲ ಒತ್ತಿ, ಬಿಚ್ಚಿದರು. ನಾಲ್ಕು ಪಟ್ಟಿಗಳಾಗಿದ್ದವು. ಎಡಗಡೆಯ ಪಟ್ಟಿಯ ಮೇಲೆ ಬೆರಳಿಟ್ಟು, "ಇದು ನಿಮ್ಮದಲ್ಲ, ಮ್ಯಾಲಿನವರದು. ಇಲ್ಲೆ ಅವ್ರು ತಮ್ಮ ಶೆರಾ ಬರೀತಾರ. ಮಂಜೂರು, ನಾಮಂಜೂರು, ಏನರ ಇರಲಿ. ಜಾಗಾ ಬಿಡಲಿಲ್ಲಂದ್ರ ನಿಮ್ಮ ಕಾಗದ ಮ್ಯಾಲ ಹೋಗಂಗಿಲ್ಲ" ಎಂದರು. ಅಂಚು ಬಿಡುವುದು ಸರಕಾರಿ ನೌಕರರೆಲ್ಲರ ಪದ್ಧತಿ. ಉಗುರಿನಿಂದ ಮೂರು ಸಲ ಒತ್ತುವುದು ರಾಯರೊಬ್ಬರದೇ. ಅಂದಿನಿಂದ ನನಗೂ ಅವೆರಡೂ ಅಭ್ಯಾಸವಾದವು. ಬೆಂಡೆಕಾಯಿ ತರಲು ಬರೆದ ಚೀಟಿಯಲ್ಲೂ ಎಡಕ್ಕೆ ಜಾಗ ಬಿಡುತ್ತಿದ್ದೇನೆಂದು ಮನೆಯಲ್ಲಿ ನಗುತ್ತಿದ್ದರು.

ಹೀಗಿರುವಾಗ ನಲವತ್ತೆರಡರ ಚಳವಳಿ ಬಂತು. ತಂತಿ ಕತ್ತರಿಸುವವರು ಕತ್ತರಿಸಿದರು, ಜೈಲಿಗೆ ಹೋಗುವವರು ಹೋದರು. ನಮ್ಮ ಊರಿನ ಗೋಡೆಗಳ ಮೇಲೆ ವಾರಕ್ಕೊಂದರಂತೆ ಕೈಬರಹದ ಪತ್ರಕಗಳು ಕಾಣಿಸಿಕೊಂಡವು. ಯಾವ ಊರಿನಲ್ಲಿ ಏನಾಯಿತು, ಯಾರು ಸಿಕ್ಕಿಬಿದ್ದರು, ಸರಕಾರದ ಮಾತು ಯಾಕೆ ಕೇಳಬಾರದು ಎಂದೆಲ್ಲ ಅದರಲ್ಲಿ ಇರುತ್ತಿತ್ತು. ಒಂದು ಸಲ ಅದು ಕಚೇರಿಯ ಮುಂದೆ ನಿಲ್ಲಿಸಿದ್ದ ರಾಯರ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿಗೂ ಅಂಟಿತ್ತು. ಅವರು ಅದನ್ನು ಊರ ತುಂಬ ಮೆರೆಸಿ ಮನೆಗೆ ತಂದ ಮೇಲೆಯೇ ನೋಡಿದ್ದು.

ಆ ಪತ್ರಕಗಳನ್ನು ಬರೆಯುತ್ತಿದ್ದವನು ನಾನು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಧೈರ್ಯದಿಂದ ಬರೆದೆನೆಂದು ಯಾರೂ ತಿಳಿಯಬಾರದು. ಗರಗದಿಂದ ಖಾದಿ ಥಾನುಗಳನ್ನು ಹೊತ್ತು ತಂದು ಮಾರುತ್ತಿದ್ದ ಬಸಪ್ಪನೆಂಬ ವಯಸ್ಸಾದ ನೇಕಾರ ನನ್ನ ಮನೆಗೆ ಬರುತ್ತಿದ್ದ. "ಮಾಸ್ತರ, ನಿಮ್ಮ ಅಕ್ಷರ ದುಂಡಗ ಅದಾವ, ನೀವು ಬರೀರಿ, ಹಚ್ಚೂದು ನನಗ ಬಿಡ್ರಿ" ಎಂದ. ಅಕ್ಷರ ಹೊಗಳಿದರೆ ಡ್ರಾಯಿಂಗ್ ಮಾಸ್ತರ ಏನು ಬೇಕಾದರೂ ಬರೆದು ಕೊಡುತ್ತಾನೆ. ರವಿವಾರ ಮಧ್ಯಾಹ್ನ ಊರೆಲ್ಲ ಊಟ ಮಾಡಿ ಮಲಗಿದಾಗ ನಾನು ಬರೆಯುತ್ತಿದ್ದೆ. ಬಸಪ್ಪ ಥಾನಿನ ಸುರುಳಿಯೊಳಗೆ ಸುತ್ತಿ ಒಯ್ಯುತ್ತಿದ್ದ. ಕೈಬರಹದಿಂದ ಸಿಕ್ಕಿಬೀಳುವ ಭಯ ನನಗಿರಲಿಲ್ಲ. ಧಾರವಾಡದಲ್ಲಿ ನನ್ನ ವಯಸ್ಸಿನವರಿಗೆಲ್ಲ ಕಿತ್ತಾ ತಿದ್ದಿಸಿದವರು, ಅಂದರೆ ಅಕ್ಷರ ಕೂಡಿಸಿದವರು, ಒಬ್ಬರೇ ಪಂತೋಜಿ. ಒಂದು ತಲೆಕಟ್ಟು ಸೊಟ್ಟಾದರೆ ರೂಳುದೊಣ್ಣೆಯಿಂದ ಬೆರಳಿಗೆ ಬಾರಿಸಿ, ಊರಿಗೆ ಊರನ್ನೇ ಒಂದೇ ಅಕ್ಷರಕ್ಕೆ ತಂದಿಟ್ಟಿದ್ದರು. ಆ ಗುಂಪಿನಲ್ಲಿ ನನ್ನನ್ನು ಹುಡುಕುವುದು ಯಾರಿಂದ ಸಾಧ್ಯ?

ಸಿಕ್ಕಿಬಿದ್ದವರು ಸೊಲೊಮನ್ ಮಾಸ್ತರರು.

ಅವರು ಮಿಶನ್ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದ ಸಾಧು ಮನುಷ್ಯ. ಶಾಲೆಯ ಗೋಡೆಗೆ ಅಂಟಿದ್ದ ಪತ್ರಕವನ್ನು, ಶಾಲೆಗೆ ಕೆಟ್ಟ ಹೆಸರು ಬಾರದಿರಲೆಂದು, ನೀರು ಹಚ್ಚಿ ಬಿಡಿಸಿದರು. ಯುದ್ಧದ ಕಾಲ, ಕಾಗದದ ಬರ. ಪತ್ರಕದ ಎಡಗಡೆ ಖಾಲಿ ಜಾಗ ಕಂಡಿತು. ಅದನ್ನು ಹಾಳುಮಾಡಬಾರದೆಂದು ಅಲ್ಲಿ ಒಂದನೆಯ ಇಯತ್ತೆಯ ಹದಿನಾಲ್ಕು ಮಕ್ಕಳ ಹೆಸರು ಬರೆದು, ಪ್ರಾರ್ಥನೆಯ ಪುಸ್ತಕದಲ್ಲಿ ಇಟ್ಟುಕೊಂಡರು. ಝಡತಿಗೆ, ಅಂದರೆ ಶೋಧನೆಗೆ, ಬಂದ ಪೊಲೀಸರ ಕೈಗೆ ಅದು ಸಿಕ್ಕಿತು. ಪತ್ರಕ ಒಂದು, ಅದರ ಪಕ್ಕದಲ್ಲೇ ಹದಿನಾಲ್ಕು ಸಂಚುಗಾರರ ಪಟ್ಟಿ. ಅವರಲ್ಲಿ ಹಿರಿಯವನಿಗೆ ಏಳು ವರ್ಷ. ಮಾಸ್ತರರನ್ನು ಹಿಡಿದು ಠಾಣೆಯಲ್ಲಿ ಕೂಡಿಸಿದರು. ಅಕ್ಷರ ಅವರದೇ ಎಂದು ಸಿದ್ಧವಾದರೆ ವಿಚಾರಣೆಯಿಲ್ಲದೆ ಜೈಲು, ಎಷ್ಟು ದಿನವೆಂದು ಹೇಳುವಂತಿಲ್ಲ. ಅವರ ಎದೆ ಮೊದಲೇ ಬಲಹೀನ. ಜೈಲಿನ ನೆಲದ ಮೇಲೆ ಒಂದು ಮಳೆಗಾಲ ಮಲಗಿದರೆ ತಿರುಗಿ ಬರುವ ದೇಹ ಅದಾಗಿರಲಿಲ್ಲ.

ಆಗ ರಾಯರ ಜಮಾದಾರ ಹುಸೇನಸಾಬ ಶಾಲೆಗೆ ಬಂದು ಬಾಗಿಲಲ್ಲಿ ನಿಂತ.

"ರಾಯರು ಕರ್ಯಾಕತ್ತಾರ್ರಿ ಮಾಸ್ತರ. ಭೂತಗನ್ನಡಿ ಇದ್ರ ತಗೊಂಡ ಬರ್ರಿ ಅಂದಾರ."

"ಯಾಕಂತ?"

"ನನಗ ಹೇಳಿದ್ರ ಅದು ಗುಪ್ತ ಹ್ಯಾಂಗ ಆಗತೈತ್ರಿ?"

ಕಚೇರಿಯಲ್ಲಿ ರಾಯರು ಬಾಗಿಲಿಗೆ ಎದುರಾಗಿ ಕೂತಿದ್ದರು. ಮೇಜಿನ ಮೇಲೆ ನನ್ನ ಅಷ್ಟೂ ಪತ್ರಕಗಳು, ಅವುಗಳ ಪಕ್ಕದಲ್ಲಿ ಮೂವತ್ತೊಂದು ಜನ ಸಂಶಯಿತರಿಂದ ಬರೆಸಿಕೊಂಡ ನಮೂನೆಗಳು. ಹೆಸರಿಲ್ಲ, ನಂಬರು ಮಾತ್ರ. ಊರಿನಲ್ಲಿ ಅಕ್ಷರ ಗುರುತಿಸಬಲ್ಲ ಸರಕಾರಿ ಮನುಷ್ಯ ಬೇಕೆಂದು ಮೇಲಿನಿಂದ ಹುಕುಂ ಬಂದಿದೆ, ಡ್ರಾಯಿಂಗ್ ಪರೀಕ್ಷೆ ಪಾಸಾದವರು ನೀವೊಬ್ಬರೇ, ಆದ್ದರಿಂದ ನೀವು ತಜ್ಞರು ಎಂದರು. ಹೀಗೆ ನನ್ನ ಅಕ್ಷರವನ್ನು ನಾನೇ ಪರೀಕ್ಷಿಸಿ, ಅದು ಯಾರದೆಂದು ಸರಕಾರಕ್ಕೆ ತಿಳಿಸುವ ಘನವಾದ ಜವಾಬ್ದಾರಿ ನನ್ನ ಮೇಲೆ ಬಂತು. ನನ್ನ ನಮೂನೆ ಆ ಮೂವತ್ತೊಂದರಲ್ಲಿ ಇರಲಿಲ್ಲ. ಅದು ಅದೃಷ್ಟವೋ ಉರುಲೋ ಎಂದು ನನಗೆ ತಿಳಿಯಲಿಲ್ಲ. ರಾಯರ ಮುಖ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು.

ಮೂರು ದಿನ ಆ ಕೋಣೆಯಲ್ಲಿ ಕೂತೆ. ಮೂವತ್ತೊಂದು ನಮೂನೆಗಳೂ ಪಂತೋಜಿಯವರ ರೂಳುದೊಣ್ಣೆಗೆ ಕೀರ್ತಿ ತರುವಂತಿದ್ದವು. ಪತ್ರಕದ ಅಕ್ಷರ ಎಲ್ಲರದೂ ಆಗಬಹುದಿತ್ತು. ಎಲ್ಲರದೂ ಆಗಬಹುದಾದದ್ದು ಸೊಲೊಮನ್ ಮಾಸ್ತರರದೂ ಆಗಬಹುದು, ಅವರು ಈಗಾಗಲೇ ಠಾಣೆಯಲ್ಲಿ ಇದ್ದಾರೆ. ನಾನು ಸುಮ್ಮನಿದ್ದರೆ ಅವರು ಹೋದ ಹಾಗೆಯೇ.

ಮೂರನೆಯ ದಿನ ಆ ಹದಿನಾಲ್ಕು ಮಕ್ಕಳ ಹೆಸರಿದ್ದ ಪತ್ರಕ ಕೈಗೆ ಬಂತು. ಅಷ್ಟೊಂದು ಹೆಸರು ಹಿಡಿಸುವಷ್ಟು ಜಾಗ ಅಲ್ಲಿ ಯಾಕಿತ್ತು ಎಂದು ಭೂತಗನ್ನಡಿ ಹಿಡಿದೆ. ಎಡಕ್ಕೆ ನಾಲ್ಕನೆಯ ಒಂದು ಭಾಗ ಖಾಲಿ. ಅದರ ಗುಂಟ ಒಂದು ಮಡಿಕೆ. ಮಡಿಕೆಯ ಮೇಲೆ ಉಗುರಿನ ಮೂರು ಗೀರು. ಬೇರೆ ಪತ್ರಕಗಳನ್ನು ತೆಗೆದೆ. ಎಲ್ಲದರಲ್ಲೂ ಅದೇ. ಕಾಗದ ಸಿಗದ ಕಾಲದಲ್ಲಿ, ಗೋಡೆಗೆ ಅಂಟಿಸುವ ರಾಜದ್ರೋಹದ ಪತ್ರಕದಲ್ಲಿ, ಮೇಲಿನ ಅಧಿಕಾರಿಗಳು ತಮ್ಮ ಶೆರಾ ಬರೆಯಲಿ ಎಂದು ನಾನು ತಪ್ಪದೆ ಜಾಗ ಬಿಟ್ಟಿದ್ದೆ. ಸರಕಾರ ಉರುಳಲಿ ಎಂದು ಬರೆಯುವಾಗಲೂ ಅದರ ಮಂಜೂರಾತಿಗೆ ಕಾದಿದ್ದೆ.

ಸೊಲೊಮನ್ ಮಾಸ್ತರರ ನಮೂನೆ ಯಾವುದೆಂದು ಈಗ ಹೆಸರಿಲ್ಲದೆಯೂ ಹೇಳಬಹುದಿತ್ತು. ಮಿಶನ್ ಶಾಲೆಯ ಮಿತವ್ಯಯದಲ್ಲಿ ಬೆಳೆದವರು, ಕಾಗದದ ಈ ತುದಿಯಿಂದ ಆ ತುದಿಯವರೆಗೆ ಒಂದು ಎಳ್ಳುಕಾಳಿನಷ್ಟೂ ಬಿಡದೆ ಬರೆದಿದ್ದರು. ಅಂಚಿನ ಮಾತು ಬರೆದರೆ ಅವರು ಬಿಡುಗಡೆಯಾಗುತ್ತಾರೆ. ಆದರೆ ಅಪರಾಧಿ ಸರಕಾರಿ ಮನುಷ್ಯ ಎಂದಾಗುತ್ತದೆ. ಜಿಲ್ಲೆಯಲ್ಲಿ ಸರಕಾರಿ ಮನುಷ್ಯರು ನೂರಾರು. ಉಗುರಿನ ಗೀರು ಮಾತ್ರ ಎರಡೇ ಜನರದು, ಅದರಲ್ಲಿ ಒಂದೇ ಜಗತ್ತಿಗೆ ಗೊತ್ತಿದ್ದದ್ದು.

ರಾಯರ ಮುಂದೆ ಪತ್ರಕ ಇಟ್ಟೆ. ಹುಸೇನಸಾಬ ಇಬ್ಬರಿಗೂ ಚಹಾ ತಂದಿಟ್ಟು ಹೋದ.

"ಅಕ್ಷರದಿಂದ ಏನೂ ಹೇಳ್ಲಿಕ್ಕೆ ಬರಂಗಿಲ್ಲ, ರಾಯರ. ಆದ್ರ ಬರದವರು ಅಂಚು ಬಿಟ್ಟಾರ."

"ಯಾಕ ಬಿಟ್ಟಾರು?"

"ಶೆರಾಕ್ಕ."

ಅವರು ಪತ್ರಕವನ್ನು ಬೆಳಕಿಗೆ ಹಿಡಿದು ನೋಡಿದರು. "ಅಂದ್ರ ಸರಕಾರಿ ಮನಶ್ಯಾ. ಮಿಶನ್ ಸಾಲಿಯವನಲ್ಲ."

"ಅಲ್ಲ."

"ಬರೀರಿ. ಮಡಿಕಿದೂ ಬರೀರಿ. ಉಗುರಿಲೆ ಮೂರು ಸಲ ಒತ್ತ್ಯಾರ ಅನ್ನೂದು ಬಿಡಬ್ಯಾಡ್ರಿ. ಅದಿಲ್ಲಂದ್ರ ಅವ್ರು ನಂಬಂಗಿಲ್ಲ."

"ಹಾಂಗ ಒತ್ತಾವರು ಯಾರಂತ ಕೇಳಿದ್ರ?"

"ಯಾರು?"

"ನೀವು, ರಾಯರ."

ರಾಯರು ಕಪ್ಪು ಎತ್ತಿದರು. ಹದಿನೈದು ವರ್ಷದಲ್ಲಿ ಮೊದಲನೆಯ ಸಲ ಅವರು ಚಹಾ ಪೂರ್ತಿ ಕುಡಿದು ಖಾಲಿ ಕಪ್ಪು ಇಟ್ಟದ್ದನ್ನು ನಾನು ನೋಡಿದೆ. ನನಗೆ ಹೇಳಿಬಿಡಬೇಕೆನಿಸಿತು. "ರಾಯರ, ಇದು..." ಎಂದೆ.

"ನಿಮ್ಮ ಕೆಲಸ ಮುಗೀತು, ಮಾಸ್ತರ. ಇನ್ನ ಮಾತಾಡಿದ್ರ ನಾ ಬರಕೋಬೇಕಾಗ್ತದ."

ಇದು ಅವರು ಊರಿನಲ್ಲಿ ಎಲ್ಲರಿಗೂ ಹೇಳುತ್ತಿದ್ದ ಮಾತೇ. ಹಾಲಿನವಳಿಗೂ ಹೇಳಿದ್ದನ್ನು ಕೇಳಿದ್ದೇನೆ. ಆದ್ದರಿಂದ ಅದಕ್ಕೆ ಏನು ಅರ್ಥ ಮಾಡಬೇಕೆಂದು ತಿಳಿಯದೆ, ವರದಿ ಬರೆದುಕೊಟ್ಟು ಮನೆಗೆ ಬಂದೆ. ವರದಿಯಲ್ಲೂ ಎಡಕ್ಕೆ ಜಾಗ ಬಿಟ್ಟಿದ್ದೆ. ಉಗುರಿನ ಬದಲು ಅಂದು ರೂಳುಪಟ್ಟಿಯಿಂದ ಒತ್ತಿದೆ. ನನ್ನ ದೇಶಭಕ್ತಿಗೆ ಅಷ್ಟು ಬುದ್ಧಿ ಉಳಿದಿತ್ತು.

ಎಂಟು ದಿನದಲ್ಲಿ ಮುಂಬಯಿಯಿಂದ ಒಬ್ಬ ಬಿಳಿ ಸಾಹೇಬ ಬಂದ. ರಾಯರ ಹಳೆಯ ಫೈಲುಗಳನ್ನೆಲ್ಲ ತೆಗೆಸಿದ. ಪ್ರತಿ ಹಾಳೆಯಲ್ಲೂ ಉಗುರಿನ ಮೂರು ಗೀರು. ಯಾರೋ ಅವನಿಗೆ ಆ ಸಿಂಹಾಸನದ ವಾಕ್ಯದ ಕಥೆಯನ್ನೂ ಹೇಳಿದರು. ಬೇರೆಯವರ ಬಾಯಲ್ಲಿ ರಾಜದ್ರೋಹ ಇಡಬಲ್ಲವನು ಗೋಡೆಯ ಮೇಲೂ ಇಡಬಲ್ಲ ಎಂದು ಅವನ ತರ್ಕ. ಸೊಲೊಮನ್ ಮಾಸ್ತರರನ್ನು ಬಿಟ್ಟರು. ರಾಯರನ್ನು ಕೆಲಸದಿಂದ ತಡೆಹಿಡಿದರು. ಗುಪ್ತ ಖಾತೆಯ ಅಧಿಕಾರಿಯೇ ಪತ್ರಕ ಬರೆಯುತ್ತಿದ್ದನೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು.

ಊರು ಎರಡು ಪಕ್ಷವಾಯಿತು. ಹಿಡಿಯುವುದಕ್ಕೆ ಯಾರೂ ಸಿಗದಿದ್ದರೆ ಖಾತೆಯೇ ಮುಚ್ಚೀತೆಂದು ರಾಯರು ತಾವೇ ಬರೆದು ತಾವೇ ಹುಡುಕುತ್ತಿದ್ದರೆಂದು ಒಂದು ಪಕ್ಷ. ಅವರು ಮೊದಲಿನಿಂದಲೂ ಒಳಗೊಳಗೆ ದೇಶಭಕ್ತರೆಂದು ಇನ್ನೊಂದು. ಅವರು ಬರೆದೇ ಇಲ್ಲ ಎಂಬ ಮೂರನೆಯ ಪಕ್ಷವೂ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಆ ಪಕ್ಷದ ಏಕೈಕ ಸದಸ್ಯ ನಾನು, ಬಾಯಿ ಬಿಡುವ ಸ್ಥಿತಿಯಲ್ಲಿ ಇರಲಿಲ್ಲ.

ಆ ವಾರ ಬಸಪ್ಪ ಥಾನು ಹೊತ್ತು ಬಂದ. ಜಗಲಿಯ ಮೇಲೆ ಇಳಿಸಿ ಕೂತ.

"ಈ ವಾರದ್ದು ಕೊಡ್ರಿ ಮಾಸ್ತರ."

"ಇನ್ನ ಬರೆಯಂಗಿಲ್ಲ, ಬಸಪ್ಪ."

"ಯಾಕ್ರಿ?"

"ಭಾಳ ಹತ್ತಿರ ಬಂದಾರ."

ಅವನು ಥಾನಿನ ಅಂಚನ್ನು ಸವರಿದ. "ನೋಡ್ರಿ, ಆ ರಾಯರು ಮನ್ಯಾಗ ಕುಂತಾರ. ಈಗ ಗ್ವಾಡಿ ಮ್ಯಾಲ ಒಂದು ಪತ್ರಕ ಬಿದ್ರ, ಅವರು ಅಲ್ಲ ಅಂತ ಊರಿಗೆಲ್ಲಾ ಗೊತ್ತಾಗತೈತಿ. ನನಗೇನು ಅವರ ಮ್ಯಾಲ ಪಿರೂತಿಲ್ಲ. ನನ್ನ ಮಗನ್ನ ಒಳಗ ಹಾಕಿಸಿದವರು ಅವರ. ಆದ್ರ ಮಾಡಲಾರದ್ದಕ್ಕ ಯಾಕ ಸಾಯಬೇಕು? ಒಂದರ ಬರೀರಿ."

ನಾನು ಬರೆಯಲಿಲ್ಲ. ಕಾಗದ ತೆಗೆದು ಮಡಚಿದ್ದು ನಿಜ. ಬೆರಳು ಮುಂದೆ ಹೋಗಲಿಲ್ಲ. ಬಸಪ್ಪ ಥಾನು ಹೊತ್ತು ಎದ್ದು ಹೋದ. ಮತ್ತೆ ನನ್ನ ಮನೆಗೆ ಖಾದಿ ತರಲಿಲ್ಲ. ರಾಯರನ್ನು ತಡೆಹಿಡಿದ ದಿನದಿಂದ ಪತ್ರಕಗಳು ನಿಂತುಹೋದವೆಂಬುದನ್ನು ಬಿಳಿ ಸಾಹೇಬ ಗಮನಿಸಿದ. ಅದಕ್ಕಿಂತ ದೊಡ್ಡ ಪುರಾವೆ ಅವನಿಗೆ ಬೇಕಾಗಲಿಲ್ಲ. ರಾಯರನ್ನು ಕೆಲಸದಿಂದ ತೆಗೆದುಹಾಕಿದರು.

ಆ ವರ್ಷ ಅವರಿಗೆ ರಾವಸಾಹೇಬ ಪದವಿ ಬರುವುದಿತ್ತು. ಸಮಾರಂಭಕ್ಕೆಂದು ಲೈನ್ ಬಜಾರಿನಲ್ಲಿ ಕರಿಯ ಕೋಟು ಹೊಲಿಸಿ, ಪದಕ ಸಿಕ್ಕಿಸಲು ಎದೆಯ ಮೇಲೆ ಒಂದು ದಾರದ ಕುಣಿಕೆಯನ್ನೂ ಹಾಕಿಸಿದ್ದರು. ಆ ಕೋಟನ್ನು ಕಾಯಿಪಲ್ಲೆ ತರಲು ಹೋಗುವಾಗ ಹಾಕಿಕೊಳ್ಳತೊಡಗಿದರು. ಒಮ್ಮೆ ಕುಣಿಕೆಗೆ ಒಂದು ಕೊತ್ತಂಬರಿ ಎಸಳು ಸಿಕ್ಕಿಕೊಂಡದ್ದನ್ನು ನೋಡಿದ್ದೇನೆ. ಬೇಕೆಂದೇ ಸಿಕ್ಕಿಸಿಕೊಂಡಿದ್ದರೋ ಏನೋ. ಆಮೇಲೆ ಮನೆ ಖಾಲಿ ಮಾಡಿ ಕೇಶ್ವಾಪುರಕ್ಕೆ ಹೋದರು.

ಸ್ವರಾಜ್ಯ ಬಂದ ಮೇಲೆ ಧಾರವಾಡದಲ್ಲಿ ಆ ಪತ್ರಕಗಳನ್ನು ತಾವೇ ಬರೆದೆವೆಂದು ಹನ್ನೊಂದು ಜನ ಹೇಳಿಕೊಂಡರು. ಕಿತ್ತಾ ಒಂದೇ ಆದದ್ದರಿಂದ ಎಲ್ಲರೂ ಬರೆದು ತೋರಿಸಿ ಸಿದ್ಧಮಾಡಿದರು. ಹನ್ನೆರಡನೆಯವನಾಗಲು ನನಗೆ ಮುಖವಿರಲಿಲ್ಲ. ಕೆಲವರು ಹಾರ ಹಿಡಿದು ಕೇಶ್ವಾಪುರಕ್ಕೂ ಹೋದರು, ರಾಯರು ಒಂದು ಮಾತು "ಹೌದು" ಎಂದರೆ ಸಾಕೆಂದು. ಅವರ ಜೊತೆ ನಾನೂ ಇದ್ದೆ. "ಯಾಕ ಹಾರ?" ಎಂದು ಕೇಳಿ, ಹೌದು ಎನ್ನದೆ, ಅಲ್ಲವೆನ್ನದೆ, ಬಂದವರಿಗೆ ಚಹಾ ತರಿಸಿದರು. ಎಲ್ಲರೂ ಹೋದ ಮೇಲೆ ನಾನು ಹಿಂದೆ ಉಳಿದೆ.

"ರಾಯರ, ನಿಮಗ ಗೊತ್ತಿತ್ತೇನು?"

"ಯಾಕ ಕೇಳಿದ್ರಿ?"

"ಹೀಂಗ ಕೇಳಿದೆ."

ಅವರು ನಕ್ಕರು. ಅಷ್ಟೇ. ಅದೇ ಕೊನೆಯ ಭೇಟಿ.

ಕಳೆದ ತಿಂಗಳು ಎಲ್ಲ ಮುಗಿದು ನಾವು ಹೊರಡುವಾಗ ಅವರ ಹೆಂಡತಿ, ನಾನು ವೈನಿ ಎಂದು ಕರೆಯುವವರು, ಒಳಗಿನಿಂದ ಒಂದು ಪಾಕೀಟು ತಂದು ಕೊಟ್ಟರು. ಒಳಮೈ ಹೊರಗೆ ಮಾಡಿ ಅಂಟಿಸಿದ್ದು.

"ಡ್ರಾಯಿಂಗ್ ಮಾಸ್ತರಿಗೆ ಕೊಡು ಅಂತ ಹೇಳಿದ್ರಪ್ಪಾ. ಏನಂತ ಕೇಳಿದೆ. ಯಾಕ ಕೇಳಿದಿ ಅಂದ್ರು."

ರೈಲಿನಲ್ಲಿ ಬಿಚ್ಚಿದೆ. ನನ್ನ ಮೊದಲನೆಯ ಪತ್ರಕ. ಬೆನ್ನಿಗೆ ಗೋಡೆಯ ಸುಣ್ಣ ಇನ್ನೂ ಅಂಟಿತ್ತು. ಎಡಕ್ಕೆ ನಾನು ಬಿಟ್ಟ ಜಾಗದಲ್ಲಿ ಕೆಂಪು ಶಾಯಿಯಿಂದ, ರಾಯರ ಅಕ್ಷರದಲ್ಲಿ ಶೆರಾ ಇತ್ತು: "ನೋಡಿದೆ. ಮಡಿಕೆ ಸರಿಯಾಗಿದೆ. ಮುಂದಿನ ಕ್ರಮ ಬೇಡ." ಕೆಳಗೆ ಮೋಟು ಸಹಿ, ತಾರೀಖು. ನನ್ನನ್ನು ತಜ್ಞನೆಂದು ಕರೆಸುವುದಕ್ಕಿಂತ ಒಂದು ತಿಂಗಳು ಮೊದಲಿನದು.

ಆ ತಾರೀಖು ನಿಜವೋ, ಕೊನೆಗಾಲದಲ್ಲಿ ಕೂತು ಹಿಂದಿನ ತಾರೀಖು ಹಾಕಿ ಬರೆದದ್ದೋ, ಶಾಯಿಯನ್ನು ನೋಡಿದರೆ ಹೇಳಬಹುದು. ಸರಕಾರವೇ ನನ್ನನ್ನು ತಜ್ಞನೆಂದು ಒಪ್ಪಿದೆ. ಭೂತಗನ್ನಡಿ ಕಪಾಟಿನಲ್ಲಿದೆ. ತೆಗೆದಿಲ್ಲ. ಮನುಷ್ಯನನ್ನು ಇಷ್ಟು ವರ್ಷ ಸಂಶಯಿಸಿದ್ದು ಸಾಕು.

ಬಸಪ್ಪ ಅಂದು ಕೇಳಿದ ಆ ಒಂದು ಪತ್ರಕವನ್ನು ಈಗ ಬರೆದಿದ್ದೇನೆ. ಏಳು ವರ್ಷ ತಡವಾಗಿದೆ. ನಲವತ್ತೆರಡರ ಆ ಪತ್ರಕಗಳನ್ನು ಬರೆದವನು ನಾನು, ರಾಯರಲ್ಲ. ಎಡಕ್ಕೆ ಜಾಗ ಬಿಟ್ಟಿದ್ದೇನೆ.